ಮೇಷ್ಟ್ರೇ, ಅಡಿಕೆ ಎಲ್ಲಿ ಹೋಯಿತು?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ‘ಜೀವಕೋಶವೆಂಬ ವಿಸ್ಮಯ ಕಾರ್ಖಾನೆ’ ಲೇಖನ ಕೈಸೇರಿ ಮೂರು ವಾರ ಆಯಿತು. ಹದಿನಾಲ್ಕು ಪುಟ. ಎರಡು ಸಲ ಓದಿದೆ. ಕೋಶ ತನ್ನೊಳಗಿನ ಸಮತೋಲನ ಹೇಗೆ ಕಾಪಾಡಿಕೊಳ್ಳುತ್ತದೆ, ಹಾಳಾದ ಡಿಎನ್ಎಯನ್ನು ಹೇಗೆ ರಿಪೇರಿ ಮಾಡಿಕೊಳ್ಳುತ್ತದೆ, ಎರಡನ್ನೂ ಹೇಳಲು ಹೊರಟಿದ್ದೀರಿ. ಈಗಿರುವ ಹಾಗೆ ಇದನ್ನು ನಮ್ಮ ಮಾಸಿಕದಲ್ಲಿ ಹಾಕುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರಲೂ ಮನಸ್ಸಾಗಲಿಲ್ಲ. ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟ ಪೂರ್ತಿ ತೆಗೆಯಿರಿ. ಬ್ರಹ್ಮಾಂಡದ ಹುಟ್ಟು, ಉಪನಿಷತ್ತಿನ ಶ್ಲೋಕ, ಆಮೇಲೆ ಭೂಮಿ, ಆಮೇಲೆ ಸಮುದ್ರ. ಕೋಶ ಬರುವ ಹೊತ್ತಿಗೆ ಓದುವವರು ಕಾಫಿ ಲೋಟ ತೊಳೆದಿಟ್ಟು ತೋಟಕ್ಕೆ ಹೋಗಿರುತ್ತಾರೆ. ಹನ್ನೆರಡನೇ ಪುಟದಲ್ಲಿ ‘ಅರಿಶಿನದ ಕಷಾಯ ಡಿಎನ್ಎಯನ್ನು ಸರಿಪಡಿಸುತ್ತದೆ’ ಅಂದಿದ್ದೀರಿ. ಅದನ್ನು ಎಲ್ಲಿಂದ ತಂದಿರಿ? ಕಷಾಯ ನಾನೂ ಕುಡಿಯುತ್ತೇನೆ. ಅದು ಗಂಟಲಿಗೆ. ಆ ಸಾಲು ಉಳಿದರೆ ಉಳಿದ ಹದಿಮೂರು ಪುಟ ಯಾರಿಗೂ ಬೇಡ, ಅದೊಂದೇ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ಇನ್ನೊಂದು, ಡಿಎನ್ಎ ರಿಪೇರಿಯ ಕೆಲಸಕ್ಕೆ ಸಿಕ್ಕ 2015ರ ನೊಬೆಲ್ ವೈದ್ಯಕೀಯಕ್ಕೆ ಬಂದದ್ದಲ್ಲ, ರಸಾಯನ ವಿಜ್ಞಾನಕ್ಕೆ. ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್, ಮೂವರಿಗೂ ಸೇರಿ. ನೀವು ಮೇಷ್ಟ್ರು. ಮಕ್ಕಳು ಇಂಥ ತಪ್ಪು ಮಾಡಿದರೆ ಬಿಡುತ್ತಿದ್ದಿರಾ?

ಈಗ ಕಾರ್ಖಾನೆಯ ವಿಷಯ. ‘ಸಮತೋಲನ ಎಂದರೆ ಕೋಶದೊಳಗೆ ಎಲ್ಲವೂ ಸ್ಥಿರವಾಗಿ ನಿಂತಿರುವ ಸ್ಥಿತಿ’ ಅಂತ ಬರೆದಿದ್ದೀರಿ. ಇದು ಉಲ್ಟಾ. ಎಲ್ಲವೂ ನಿಂತುಹೋದ ಕೋಶ ಅಂದರೆ ಸತ್ತ ಕೋಶ. ಬದುಕಿರುವ ಕೋಶದ ಪೊರೆ ಸದಾ ಸೋರುತ್ತದೆ. ಹೊರಗೆ ಸೋಡಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು. ಅದು ಸಂದಿ ಸಿಕ್ಕಲ್ಲೆಲ್ಲ ಒಳಗೆ ನುಗ್ಗುತ್ತದೆ. ಒಳಗೆ ತುಂಬಿರುವ ಪೊಟ್ಯಾಸಿಯಂ ಹೊರಗೆ ಜಾರುತ್ತದೆ. ಪೊರೆಯಲ್ಲಿ ಕೂತ ಪಂಪುಗಳು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆಯುತ್ತಲೇ ಇರಬೇಕು. ನಾವು ಸುಮ್ನೆ ಮಲಗಿರುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಒಂದು ಕೆಲಸಕ್ಕೇ ಹೋಗುತ್ತದೆ. ಪಂಪು ನಿಂತರೆ ಸೋಡಿಯಂ ಹಿಂದೆಯೇ ನೀರೂ ನುಗ್ಗಿ ಕೋಶ ಊದಿ ಒಡೆಯುತ್ತದೆ.

ಇದಕ್ಕೆ ತೋಟದ ಬಸಿಗಾಲುವೆಯ ಹೋಲಿಕೆ ಕೊಡೋಣ ಅಂತ ನಾನೂ ಒಂದು ಸಂಜೆ ಯೋಚಿಸಿದೆ. ಸರಿಹೋಗಲ್ಲ. ಬಸಿಗಾಲುವೆಯಲ್ಲಿ ನೀರು ತಾನಾಗಿಯೇ ಇಳಿಜಾರಿಗೆ ಹೋಗುತ್ತದೆ, ಪಂಪು ಏರಿಗೆ ತಳ್ಳಬೇಕು. ಶರಾವತಿ ಹಿನ್ನೀರಿನಲ್ಲಿ ತೂತಿನ ದೋಣಿಯಲ್ಲಿ ಕೂತವನನ್ನು ನೆನೆಸಿಕೊಳ್ಳಿ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ಡಬ್ಬ. ದಡದಲ್ಲಿ ನಿಂತವರಿಗೆ ದೋಣಿ ತಣ್ಣಗೆ ತೇಲುತ್ತಿದೆ. ಒಳಗೆ ಕೂತವನ ರಟ್ಟೆ ನೋಯುತ್ತಿದೆ.

ಈ ಪಂಪಿನ ಬಗ್ಗೆ ನೀವು ಸಮೀಕರಣ ಬರೆದಿದ್ದೀರಿ, ಕಥೆ ಬಿಟ್ಟಿದ್ದೀರಿ. ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ಇದನ್ನು ಹಿಡಿದದ್ದು ಏಡಿಯ ಕಾಲಿನ ನರದಲ್ಲಿ. ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಬಿಟ್ಟು, 1997ರಲ್ಲಿ. ಮಳೆ ಹಿಡಿದ ಮೇಲೆ ಗದ್ದೆ ಬದುವಿನಲ್ಲಿ ಏಡಿ ಹಿಡಿಯದ ಹುಡುಗ ನಿಮ್ಮ ತರಗತಿಯಲ್ಲಿ ಒಬ್ಬನಾದರೂ ಇದ್ದಾನಾ? ಅಲ್ಲಿಂದ ಶುರು ಮಾಡಬೇಕಿತ್ತು.

ಡಿಎನ್ಎ ಭಾಗಕ್ಕೆ ಬರುತ್ತೇನೆ. ಇಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ನಾನು ಕರಡು ತಿದ್ದಿಯೇ ಬದುಕಿದವನು. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಇದೇ ಕೆಲಸ. ಕೋಶದೊಳಗೆ ನಡೆಯುವುದೂ ಅದೇ. ಅದನ್ನು ನೀವು ‘ವಿವಿಧ ಕಿಣ್ವಗಳು ದೋಷಗಳನ್ನು ನಿವಾರಿಸುತ್ತವೆ’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ!

ಡಿಎನ್ಎಗೆ ನಾಲ್ಕೇ ಅಕ್ಷರ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಇರುವುದು ಎರಡು ಎಳೆ, ಅಡೆನಿನ್ ಎದುರು ಥೈಮಿನ್, ಗ್ವಾನಿನ್ ಎದುರು ಸೈಟೋಸಿನ್ ಜೋಡಿ. ಇದು ಕಲ್ಲಿನಲ್ಲಿ ಕೆತ್ತಿದ ಶಾಸನದಷ್ಟು ಗಟ್ಟಿ ಅಂತ ಬಹಳ ಜನ ನಂಬಿದ್ದರು. ಲಿಂಡಾಲ್ ನಂಬಲಿಲ್ಲ. ವಿಕಿರಣ ಬೇಡ, ವಿಷ ಬೇಡ, ಮೈಬಿಸಿಯ ನೀರಿನಲ್ಲಿ ಇದ್ದರೇ ಸಾಕು. ಒಂದೊಂದು ಕೋಶದಲ್ಲೂ ದಿನಕ್ಕೆ ಸುಮಾರು 10,000 ಅಕ್ಷರಗಳು ಕಳಚಿ ಬೀಳುತ್ತವೆ. ಜೊತೆಗೆ ದಿನಾ ನೂರಾರು ಕಡೆ ಸೈಟೋಸಿನ್ ಕೆಟ್ಟು ಯುರಾಸಿಲ್ ಆಗುತ್ತದೆ. ಯುರಾಸಿಲ್ ಡಿಎನ್ಎಯ ದಾಯಾದಿಯಾದ ಆರ್‌ಎನ್‌ಎಯ ಅಕ್ಷರ, ಡಿಎನ್ಎಯದ್ದಲ್ಲ. ಕನ್ನಡದ ಸಾಲಿನ ನಡುವೆ ತೆಲುಗಿನ ಮೊಳೆ ಬಂದು ಕೂತ ಹಾಗೆ. ನೋಡಲು ಹತ್ತಿರ, ಆದರೆ ಪಳಗಿದ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಅದನ್ನು ಹುಡುಕಿ ಕಿತ್ತುಹಾಕುವ ಕಿಣ್ವವನ್ನು ಲಿಂಡಾಲ್ 1974ರಲ್ಲಿ ಬ್ಯಾಕ್ಟೀರಿಯಾದಲ್ಲಿ ತೋರಿಸಿದರು. ಒಂದು ಕಿಣ್ವ ಕೆಟ್ಟ ಅಕ್ಷರ ಕೀಳುತ್ತದೆ, ಮತ್ತೊಂದು ಆ ಜಾಗ ಕತ್ತರಿಸುತ್ತದೆ, ಇನ್ನೊಂದು ಎದುರಿನ ಎಳೆ ನೋಡಿಕೊಂಡು ಸರಿಯಾದದ್ದನ್ನು ಕೂರಿಸುತ್ತದೆ, ಕೊನೆಯದು ಹೊಲಿಗೆ ಹಾಕುತ್ತದೆ.

ಯುರಾಸಿಲ್ ಬದಲು ಡಿಎನ್ಎ ಥೈಮಿನ್ ಯಾಕೆ ಇಟ್ಟುಕೊಂಡಿದೆ ಅಂತ ನಿಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಇಲ್ಲೇ ಇದೆ. ಯುರಾಸಿಲ್‌ಗೆ ಒಂದು ಮೀಥೈಲ್ ಗುಂಪು, ಅಂದರೆ ಒಂದು ಇಂಗಾಲ ಮೂರು ಜಲಜನಕದ ಪುಟ್ಟ ತುಣುಕು, ಸೇರಿಸಿದರೆ ಅದೇ ಥೈಮಿನ್. ಅಕ್ಷರಕ್ಕೆ ತಲೆಕಟ್ಟು ಹಾಕಿದ ಹಾಗೆ, ಅಷ್ಟೇ. ತಲೆಕಟ್ಟು ಇದ್ದರೆ ಬೇಕೆಂದೇ ಬರೆದದ್ದು. ಇಲ್ಲದಿದ್ದರೆ ಕೆಟ್ಟ ಸೈಟೋಸಿನ್, ಕೀಳು. ಆದರೆ ಕೆಲವು ಸೈಟೋಸಿನ್‌ಗಳಿಗೇ ಮೊದಲಿನಿಂದ ತಲೆಕಟ್ಟು ಇರುತ್ತದೆ. ಅವು ಕೆಟ್ಟರೆ ನೇರ ಥೈಮಿನ್ ಆಗಿಬಿಡುತ್ತವೆ. ‘ಹಾಲು’ ಇರಬೇಕಾದಲ್ಲಿ ‘ಹಲ್ಲು’ ಬಿದ್ದ ಹಾಗೆ. ಎರಡೂ ಒಳ್ಳೆ ಕನ್ನಡ ಪದವೇ, ಕಣ್ಣು ಜಾರಿ ಮುಂದೆ ಹೋಗುತ್ತದೆ. ನಮ್ಮ ಜೀನುಗಳಲ್ಲಿ ಬದಲಾವಣೆ ಜಾಸ್ತಿ ಕಾಣಿಸುವುದು ಇಂಥ ಜಾಗಗಳಲ್ಲೇ.

ಇನ್ನು ಮಾಡ್ರಿಚ್ ಬಿಡಿಸಿ ತೋರಿಸಿದ್ದು, ನಕಲಿನ ತಪ್ಪು ತಿದ್ದುವ ಬಗೆ. ಕೋಶ ಒಡೆದು ಎರಡಾಗುವ ಮೊದಲು ಸುಮಾರು 600 ಕೋಟಿ ಅಕ್ಷರ ನಕಲಾಗಬೇಕು. ನಕಲು ಮಾಡುವ ಕಿಣ್ವ ತಪ್ಪುತ್ತದೆ, ತಾನೇ ಹಿಂದೆ ತಿರುಗಿ ತಿದ್ದಿಕೊಳ್ಳುತ್ತದೆ, ಆದರೂ ಕೆಲವು ಉಳಿಯುತ್ತವೆ. ಎರಡು ಎಳೆಯಲ್ಲಿ ಒಂದು ಜೋಡಿ ಹೊಂದುತ್ತಿಲ್ಲ ಅಂತ ಗೊತ್ತಾಯಿತು ಅನ್ನಿ. ಯಾವುದನ್ನು ತಿದ್ದಬೇಕು? ನನ್ನ ಮುಂದೆ ಹಸ್ತಪ್ರತಿ, ಕರಡು ಎರಡೂ ಇರುತ್ತವೆ. ಯಾವುದು ಹಸ್ತಪ್ರತಿ ಅಂತ ಮರೆತರೆ ನಾನು ಲೇಖಕರ ಸರಿಯನ್ನೇ ತಪ್ಪು ಮಾಡಿ ಕೂರುತ್ತೇನೆ. ಬ್ಯಾಕ್ಟೀರಿಯಾ ಇದಕ್ಕೊಂದು ಗುರುತು ಇಟ್ಟುಕೊಂಡಿದೆ. ಹಳೆಯ ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಚುಕ್ಕೆ ಇರುತ್ತದೆ, ಹೊಸ ಎಳೆಗೆ ಅದು ಬೀಳುವುದು ಸ್ವಲ್ಪ ತಡವಾಗಿ. ಆ ಸಂದಿನಲ್ಲೇ ತಿದ್ದುವ ಕೆಲಸ ಮುಗಿಯಬೇಕು. ನಮ್ಮ ಕೋಶಗಳಲ್ಲಿ ಚುಕ್ಕೆಯ ಗುರುತಿಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದ ಸೀಳುಗಳೇ ಗುರುತು. ಎಲ್ಲ ಆದಮೇಲೆ ಉಳಿಯುವುದು ಸುಮಾರು 100 ಕೋಟಿ ಅಕ್ಷರಕ್ಕೆ ಒಂದು ತಪ್ಪು. ನಮ್ಮ ಯುಗಾದಿ ಸಂಚಿಕೆಯ ಮುಖಪುಟದಲ್ಲೇ ಎರಡಿದ್ದವು.

‘ರಿಪೇರಿ ಸದಾ ಪರಿಪೂರ್ಣ’ ಅನ್ನುವ ಸಾಲನ್ನು ಹೊಡೆದು ಹಾಕಿದ್ದೇನೆ. ಎರಡೂ ಎಳೆ ಒಟ್ಟಿಗೆ ತುಂಡಾದರೆ ಕೋಶ ಬಹಳ ಸಲ ತುದಿಗಳನ್ನು ಹೇಗೋ ಸೇರಿಸಿ ಗಂಟು ಹಾಕುತ್ತದೆ. ನಾಲ್ಕಾರು ಅಕ್ಷರ ಅಲ್ಲಿ ಕಳೆದುಹೋಗಬಹುದು. ತೀರಾ ಕೆಟ್ಟಿದ್ದರೆ ಪಿ53 ಅನ್ನುವ ಪ್ರೋಟೀನ್ ‘ಮುದ್ರಣ ನಿಲ್ಲಿಸಿ’ ಅನ್ನುತ್ತದೆ. ತಿದ್ದಲು ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ನಮ್ಮಲ್ಲಿ ಈ ಪ್ರೋಟೀನಿನ ಜೀನ್ ಒಂದೇ ಬಗೆ, ಅಪ್ಪನಿಂದೊಂದು ಅಮ್ಮನಿಂದೊಂದು ಪ್ರತಿ. ಆಫ್ರಿಕಾದ ಆನೆಯಲ್ಲಿ ಅಂಥವು 20 ಇವೆ, ಹೆಚ್ಚಿನವು ಮೂಲದ ಅರೆಬರೆ ನಕಲು, ಅಂತ 2015ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಮೈ, ಅಷ್ಟು ಕೋಶ, ಆದರೂ ಆನೆಗೆ ಕ್ಯಾನ್ಸರ್ ಕಡಿಮೆ. ನೀವು ಶಿವಮೊಗ್ಗಕ್ಕೆ ಬರುವಾಗಲೆಲ್ಲ ಸಕ್ರೆಬೈಲಿನ ಆನೆ ಬಿಡಾರ ದಾಟಿಯೇ ಬರುತ್ತೀರಿ. ನಿಮ್ಮ ಲೇಖನದಲ್ಲಿ ಇರುವುದು ಇಲಿ, ಅದೂ ಅಮೆರಿಕದ್ದು.

ಈಗ ನಿಜವಾದ ತಕರಾರು. ಡಿಎನ್ಎ ಯಾಕೆ ಹಾಳಾಗುತ್ತದೆ ಅನ್ನುವ ಭಾಗದಲ್ಲಿ ಚೆರ್ನೋಬಿಲ್ ಇದೆ, ಎಕ್ಸ್-ರೇ ಇದೆ, ಓಜೋನ್ ತೂತು ಇದೆ, ಸಿಗರೇಟು ಇದೆ. ತೀರ್ಥಹಳ್ಳಿ ಕಡೆ ಕೂತು ಬರೆದ ಲೇಖನ. ಅಡಿಕೆ ಎಲ್ಲಿ?

ಮರೆತಿರಿ ಅಂತ ನಾನು ನಂಬುವುದಿಲ್ಲ. ಮನೆಯಲ್ಲಿ ಎರಡೆಕರೆ ತೋಟ ಇದೆ ಅಂತ ನೀವೇ ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ನನ್ನ ಕಾಲೇಜು ಫೀಸು ಕಟ್ಟಿದ್ದೂ ರಾಶಿ ಅಡಿಕೆಯೇ. ನಮ್ಮ ಚಂದಾದಾರರಲ್ಲಿ ಮುಕ್ಕಾಲು ಪಾಲು ಬೆಳೆಗಾರರು. ಹಾಗಾಗಿ ಇಬ್ಬರೂ ಸುತ್ತಿಬಳಸಿ ಹೋಗುತ್ತೇವೆ. ಅಡಿಕೆ ಜೊತೆ ತಂಬಾಕು ಹಾಕದಿದ್ದರೆ ಏನೂ ಆಗಲ್ಲ ಅನ್ನುವುದು ನಮ್ಮ ಜಗಲಿಗಳ ಮೇಲೆ ಕೇಳುವ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ (ಎಲೆ, ಅಡಿಕೆ, ಸುಣ್ಣ), ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ.

ಅದು ಹೇಗೆ ಅಂತ ಹೇಳಿದರೆ ನಿಮ್ಮ ಲೇಖನದ ಎರಡು ತುಂಡೂ ಒಂದಾಗುತ್ತವೆ. ಅಡಿಕೆಯ ಒಗರು ಪದಾರ್ಥಗಳು ಸುಣ್ಣದ ಜೊತೆ ಸೇರಿದಾಗ ಬಾಯೊಳಗೆ ಆಮ್ಲಜನಕದ ಪುಂಡ ಕಣಗಳು ಹುಟ್ಟುತ್ತವೆ. ಅವು ಗ್ವಾನಿನ್ ಅಕ್ಷರವನ್ನು ಕೆಡಿಸುತ್ತವೆ. ಕೆಟ್ಟ ಗ್ವಾನಿನ್ ಎದುರು ಸೈಟೋಸಿನ್ ಬದಲು ಅಡೆನಿನ್ ಬಂದು ಕೂರಬಹುದು. ಕೋಶ ತಿದ್ದುತ್ತದೆ. ಅಷ್ಟರಲ್ಲಿ ಇನ್ನೊಂದು ಕವಳ. ಉಜ್ಜಿ ಗಾಯವಾದ ಜಾಗದಲ್ಲಿ ಹೊಸ ಕೋಶ ಬೇಕು, ನಕಲು ಜೋರಾಗಬೇಕು, ತಿದ್ದಲು ಪುರುಸೊತ್ತಿಲ್ಲ. ದೋಣಿಯವನ ಡಬ್ಬ ಅಷ್ಟೇ ಇದೆ, ತೂತು ದೊಡ್ಡದಾಗುತ್ತಿದೆ.

ನನ್ನ ಸೋದರಮಾವನಿಗೆ ಕ್ಯಾನ್ಸರ್ ಆಗಲಿಲ್ಲ. ಕವಳ ಹಾಕಿ ಹಾಕಿ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ಬಿಗಿಯಿತು. ಕೊನೆಕೊನೆಗೆ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅತ್ತೆ ಗಂಜಿಯನ್ನು ಚಿಕ್ಕ ಚಮಚದಲ್ಲಿ ಓರೆಯಾಗಿ ಹಿಡಿದು ಕುಡಿಸುತ್ತಿದ್ದರು. ಅಡಿಕೆ ಬೆಳೆಯಬೇಡಿ ಅಂತ ಬರೆಯಿರಿ ಅನ್ನುತ್ತಿಲ್ಲ. ಅದು ಬೇರೆ ಲೇಖನ, ಬೇರೆ ಜಗಳ. ಬಾಯೊಳಗೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಬರೆಯಿರಿ. ಬಿಸಿಲು ಕೆಡಿಸಿದ ಡಿಎನ್ಎಯನ್ನು ಕೋಶ ಹೇಗೆ ಕತ್ತರಿಸಿ ತೆಗೆಯುತ್ತದೆ ಅಂತ ಸಂಜಾರ್ ತೋರಿಸಿದ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆ ರಿಪೇರಿ ಹುಟ್ಟಿನಿಂದಲೇ ಕೆಟ್ಟು ಬಿಸಿಲಿಗೆ ಹೋಗಲಾರದ ಮಕ್ಕಳ ಬಗ್ಗೆ ಬರೆದ ಅರ್ಧ ಪುಟ ಓದಿದ ಮೇಲೆಯೇ ಈ ಪತ್ರ ಬರೆಯಬೇಕು ಅನ್ನಿಸಿದ್ದು.

ಐದು ಪುಟ ಸಾಕು. ದೀಪಾವಳಿಗೆ ಮುಂಚೆ ಕಳಿಸಿ. ‘ವಿಸ್ಮಯ’ ಶಬ್ದ ಹನ್ನೊಂದು ಸಲ ಬಂದಿದೆ, ಒಂದೂ ಬೇಡ. ನಿಮ್ಮ ಪ್ರತಿಯನ್ನು ಇದರ ಜೊತೆಯೇ ಇಟ್ಟಿದ್ದೇನೆ. ತಿದ್ದಿದ್ದೆಲ್ಲ ಕೆಂಪು ಪೆನ್ನಿನಲ್ಲಿದೆ. ಒಂಬತ್ತನೇ ಪುಟದ ಅಂಚಿನಲ್ಲಿರುವ ಕೆಂಪು ಮಾತ್ರ ಪೆನ್ನಿನದಲ್ಲ, ನನ್ನ ಕವಳದ್ದು. ಅದಕ್ಕೆ ಕ್ಷಮೆ ಇರಲಿ.