ಉದ್ಯಾನದಲ್ಲಿ ಒಪೆರಾ: ಹೋಗಿ, ಆದರೆ ಸ್ಪೀಕರಿನ ಎದುರು ಕೂರಬೇಡಿ

ಬರುವ ಭಾನುವಾರ ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಊರಿನ ಗಾಯಕರೇ ಸೇರಿ ಒಪೆರಾ ಹಾಡುಗಳ ಉಚಿತ ಕಛೇರಿ ನಡೆಸುತ್ತಿದ್ದಾರೆ, ಕರ್ನಾಟಕ ಸಂಗೀತ ಕೇಳಿ ಬೆಳೆದ, ಇಟಾಲಿಯನ್ ಭಾಷೆಯ ಗಂಧಗಾಳಿಯೂ ಇಲ್ಲದ ನಮ್ಮಂಥವರು ಹೋಗಿ ಕೂತರೆ ಏನಾದರೂ ದಕ್ಕೀತೇ, ಎಪ್ಪತ್ತು ದಾಟಿದ ತಾಯಿಯವರನ್ನೂ ಆರನೆಯ ತರಗತಿಯ ಮಗನನ್ನೂ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ದಕ್ಕುತ್ತದೆ, ಇಬ್ಬರನ್ನೂ ಕರೆದುಕೊಂಡು ಹೋಗಿ. ಆದರೆ ಎಷ್ಟು ದಕ್ಕುತ್ತದೆ ಎಂಬುದು ನೀವು ಎಲ್ಲಿ ಕೂರುತ್ತೀರಿ ಎಂಬುದರ ಮೇಲಿದೆ.

ನಾನು ಮಲ್ಲೇಶ್ವರದವನು, ಬ್ಯಾಂಕಿನಿಂದ ನಿವೃತ್ತನಾದವನು. ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ದಂಡು ಪ್ರದೇಶದ ಒಂದು ಗಾಯಕವೃಂದವನ್ನು ಸೇರಿ, ಹನ್ನೊಂದು ವರ್ಷಗಳಿಂದ ಬೇಸ್ ಧ್ವನಿಯವರ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದವರ, ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದೇನೆ. ಇಂಥ ಬಯಲು ಕಛೇರಿಗಳಲ್ಲಿ ಮೂರು ಬಾರಿ ಭಾಗವಹಿಸಿದ್ದೇನೆ. ಆದ್ದರಿಂದ ಹೊಗಳುವ ಆಸೆಯೂ ಇದೆ, ಒಳಗಿನ ಹುಳುಕೂ ಗೊತ್ತಿದೆ.

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತರ ಮನೆಗಳ ಮನರಂಜನೆಯಾಗಿ ಹುಟ್ಟಿದ ಈ ಕಲೆಗೆ 1637ರಲ್ಲಿ ವೆನಿಸ್ಸಿನಲ್ಲಿ, ಹಣ ಕೊಟ್ಟ ಯಾರು ಬೇಕಾದರೂ ಒಳಗೆ ಹೋಗಬಹುದಾದ ಮೊದಲ ರಂಗಮಂದಿರ ತೆರೆಯಿತು. ಕಥೆಯನ್ನು ಹಾಡಿಕೊಂಡೇ ನಡೆಸುವ ಶ್ರೀಕೃಷ್ಣ ಪಾರಿಜಾತವನ್ನೋ, ಬಯಲಿನಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ನೋಡುವ ಯಕ್ಷಗಾನವನ್ನೋ ಬಲ್ಲವರಿಗೆ ಈ ಕಲ್ಪನೆ ಹೊಸದಲ್ಲ. ಪು.ತಿ.ನ. ಅವರು ಬರೆದು ಬಿ.ವಿ. ಕಾರಂತರು ರಂಗಕ್ಕೆ ತಂದ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ನಿಮ್ಮ ತಾಯಿಯವರು ನೋಡಿದ್ದರಂತೂ ಅವರಿಗೆ ಯಾವ ಪೀಠಿಕೆಯೂ ಬೇಕಿಲ್ಲ. ಒಪೆರಾದಲ್ಲಿ ಕಥೆಯನ್ನು ಮುಂದೆ ತಳ್ಳುವ ಭಾಗ ಒಂದು ಬಗೆ. ಅದನ್ನು ಗಮಕಿಗಳು ಕುಮಾರವ್ಯಾಸನನ್ನು ಓದುವಂತೆ ಮಾತಿನ ಓಟಕ್ಕೆ ತಕ್ಕಂತೆ ಹೇಳಿಕೊಂಡು ಹೋಗುತ್ತಾರೆ. ಕಥೆ ನಿಂತು, ಪಾತ್ರ ತನ್ನ ಮನಸ್ಸನ್ನು ತೋಡಿಕೊಳ್ಳುವ ಭಾಗ ಇನ್ನೊಂದು. ಅದಕ್ಕೆ ಆರಿಯಾ ಎನ್ನುತ್ತಾರೆ. ಉದ್ಯಾನಗಳಲ್ಲಿ ನೀವು ಕೇಳುವುದು ಬಹುಪಾಲು ಈ ಆರಿಯಾಗಳನ್ನೇ. ವಾದ್ಯವೃಂದದ ಜಾಗದಲ್ಲಿ ಒಂದು ಕೀಬೋರ್ಡು, ವೇಷಭೂಷಣದ ಜಾಗದಲ್ಲಿ ಕಪ್ಪು ಬಟ್ಟೆ ಅಥವಾ ರೇಷ್ಮೆ ಸೀರೆ.

ಇದರಲ್ಲಿ ಒಂದು ನಷ್ಟವಿದೆ. ಕಂಪನಿ ನಾಟಕದ ಹಾಡುಗಳನ್ನಷ್ಟೇ ಕಿತ್ತು ತಂದು ಹಾಡಿದರೆ ನಾಟಕ ನೋಡದವನಿಗೆ ಅರ್ಧವೇ ತಲುಪುವಂತೆ, ಇಲ್ಲಿಯೂ ಸಂದರ್ಭ ತಿಳಿಯದಿದ್ದರೆ ಎಲ್ಲ ಹಾಡೂ ಒಂದೇ ಬಗೆಯ ಅಳುವಿನಂತೆ ಕೇಳಿಸುತ್ತದೆ. ಭಾಷೆ ತಿಳಿಯದಿರುವುದು ಅಷ್ಟು ದೊಡ್ಡ ತೊಡಕಲ್ಲ. ತೆಲುಗು ಬಾರದೆಯೇ ತ್ಯಾಗರಾಜರ ಕೃತಿಗಳಿಗೆ ಕಣ್ಣು ಒದ್ದೆ ಮಾಡಿಕೊಳ್ಳುವ ಸಾವಿರಾರು ಜನ ಬಸವನಗುಡಿಯಲ್ಲೇ ಇದ್ದಾರೆ. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹಾಡುತ್ತಿದ್ದಾರೆ ಎಂಬುದು ತಿಳಿದಿದ್ದರೆ ಸಾಕು. ಕಾರ್ಯಕ್ರಮದ ಪಟ್ಟಿಯನ್ನು ಮೊದಲೇ ಕೇಳಿ ಪಡೆದುಕೊಳ್ಳಿ.

ಒಂದು ಉದಾಹರಣೆ ಕೊಡುತ್ತೇನೆ. ಇಟಲಿಯ ಸಂಗೀತ ರಚನಕಾರ ವೆರ್ದಿಯ 'ರಿಗೊಲೆಟ್ಟೊ' ಎಂಬ ಒಪೆರಾ 1851ರಲ್ಲಿ ವೆನಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದಿತು. ಅದರಲ್ಲಿ ಹೆಣ್ಣಿನ ಮನಸ್ಸು ಗಾಳಿಗೆ ಸಿಕ್ಕ ಗರಿಯಂತೆ ಚಂಚಲ ಎಂದು ಒಬ್ಬ ಪ್ರಭು ಲವಲವಿಕೆಯಿಂದ ಹಾಡುವ ಹಾಡೊಂದಿದೆ. ಬಯಲು ಕಛೇರಿಗಳಲ್ಲಿ ಟೆನರ್ ಧ್ವನಿಯವರು, ಅಂದರೆ ಗಂಡಸರಲ್ಲಿ ಮೇಲಿನ ಸ್ವರದವರು, ಇದನ್ನು ಬಿಡುವುದೇ ಇಲ್ಲ. ಚಂಚಲನಾದವನು ಹಾಡುತ್ತಿರುವ ಪ್ರಭುವೇ ಎಂಬುದು ಮೊದಲ ವ್ಯಂಗ್ಯ. ತನ್ನ ಮಗಳನ್ನು ಕೆಡಿಸಿದ ಅದೇ ಪ್ರಭುವನ್ನು ಕೊಲ್ಲಿಸಲು ಆಸ್ಥಾನದ ವಿದೂಷಕ ರಿಗೊಲೆಟ್ಟೊ ಸುಪಾರಿ ಕೊಟ್ಟು, ನಡುರಾತ್ರಿ ಹೆಣವಿರುವ ಗೋಣಿಚೀಲವನ್ನು ನದಿಗೆ ಎಳೆಯುತ್ತಿರುವಾಗ ದೂರದಿಂದ ಈ ಹಾಡೇ ತೇಲಿಬರುತ್ತದೆ. ಪ್ರಭು ಬದುಕಿದ್ದಾನೆ, ಹಾಗಾದರೆ ಚೀಲದಲ್ಲಿರುವುದು ಯಾರು? ಬಿಚ್ಚಿ ನೋಡಿದರೆ ರಿಗೊಲೆಟ್ಟೊನ ಮಗಳೇ. ಇಷ್ಟು ತಿಳಿದ ಮೇಲೆ ಆ ಕುಣಿಯುವ ಮಟ್ಟು ಬೇರೆಯೇ ಆಗಿ ಕೇಳಿಸುತ್ತದೆ. ಕಳೆದ ಬಾರಿ ನನ್ನ ಸೋದರತ್ತೆಗೆ ಈ ಕಥೆಯನ್ನು ಅವರ ಕಿವಿಯಲ್ಲಿ ಹೇಳಿದ್ದೆ. ಹಾಡು ಮುಗಿದು ಎಲ್ಲರೂ ನಗುಮುಖದಿಂದ ಚಪ್ಪಾಳೆ ತಟ್ಟುತ್ತಿದ್ದಾಗ ಅವರೊಬ್ಬರೇ 'ಥೂ, ಪಾಪಿ' ಎಂದರು.

ಇಟಲಿಯ ಇನ್ನೊಬ್ಬ ರಚನಕಾರ ಪುಚ್ಚೀನಿಯ 1918ರ ಒಂದು ಪುಟ್ಟ ಹಾಸ್ಯ ಒಪೆರಾದಲ್ಲಿ ಮಗಳು ಅಪ್ಪನನ್ನು ಪುಸಲಾಯಿಸುವ ಹಾಡೂ ಬಂದೇ ಬರುತ್ತದೆ. ಆ ಹುಡುಗನನ್ನು ಮದುವೆಯಾಗಲು ಬಿಡದಿದ್ದರೆ ಸೇತುವೆಯಿಂದ ಆರ್ನೊ ನದಿಗೆ ಹಾರುತ್ತೇನೆ ಎಂಬ ಬೆದರಿಕೆ ಅದರಲ್ಲಿದೆ. ರಾಗ ಅಷ್ಟು ಮಧುರವಾಗಿರುವುದರಿಂದ ಜನ ಅದನ್ನು ಶೋಕಗೀತೆ ಎಂದೇ ತಿಳಿಯುತ್ತಾರೆ. 1875ರ 'ಕಾರ್ಮೆನ್' ಒಪೆರಾದ ಹಾಡು ಇದ್ದರೆ ಅದು ಫ್ರೆಂಚ್ ಭಾಷೆಯದು, ಸಿಗರೇಟು ಕಾರ್ಖಾನೆಯ ಹೆಂಗಸಿನದು. ವೆರ್ದಿಯ 1842ರ 'ನಬುಕ್ಕೊ'ದಲ್ಲಿ ಬ್ಯಾಬಿಲೋನಿನ ಸೆರೆಯಲ್ಲಿರುವ ಯಹೂದಿಗಳು ತಾಯ್ನೆಲವನ್ನು ನೆನೆದು ಹಾಡುವ ವೃಂದಗಾನದ ಬಹುಭಾಗದಲ್ಲಿ ಎಲ್ಲ ಧ್ವನಿಗಳೂ ಒಂದೇ ಮಟ್ಟಿನಲ್ಲಿ ಸಾಗುತ್ತವೆ. ನಮ್ಮಂಥ ಹಿಂದಿನ ಸಾಲಿನವರಿಗೂ ಆಗ ನಿಜವಾದ ರಾಗ ಸಿಗುವುದರಿಂದ ಅದರ ಮೇಲೆ ನನಗೆ ಪಕ್ಷಪಾತವಿದೆ.

ಇನ್ನು ಧ್ವನಿಯ ವಿಷಯ. ಕರ್ನಾಟಕ ಸಂಗೀತದ ಕಿವಿಗೆ ಮೊದಲು ಕಿರಿಕಿರಿಯಾಗುವುದು ಸ್ವರದ ಆ ನಡುಕ. ಅದು ಸೆಕೆಂಡಿಗೆ ಐದಾರು ಬಾರಿ ಸ್ವರ ಸ್ವಲ್ಪ ಮೇಲೆ ಕೆಳಗೆ ತೂಗುವ ವೈಬ್ರಾಟೊ. ನಮ್ಮ ಗಮಕದಂತೆ ರಾಗದ ಲಕ್ಷಣವನ್ನು ಹೇಳುವುದಿಲ್ಲ, ಗಂಟಲು ಬಿಗಿಯಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಅಷ್ಟು ಗಟ್ಟಿಯಾಗಿ ಹಾಡುವುದಕ್ಕೂ ಕಾರಣವಿದೆ. ಐವತ್ತು ಅರವತ್ತು ವಾದ್ಯಗಳ ಎದುರು ಮೈಕಿಲ್ಲದೆ ನಿಂತು ಕೊನೆಯ ಸಾಲಿನವರೆಗೆ ಮುಟ್ಟಿಸಬೇಕಾದ ಕಲೆ ಇದು. ಗಾಯಕರು ಗಂಟಲಿನ ಒಳಗಿನ ಜಾಗವನ್ನು ಹೊಂದಿಸಿಕೊಂಡು, ವಾದ್ಯವೃಂದದ ಶಕ್ತಿ ಕಡಿಮೆಯಿರುವ, ಆದರೆ ಮನುಷ್ಯರ ಕಿವಿ ಬಲು ಚುರುಕಾಗಿರುವ 3000 ಹರ್ಟ್ಸ್, ಅಂದರೆ ಸೆಕೆಂಡಿಗೆ 3000 ಕಂಪನಗಳ, ಆಸುಪಾಸಿನಲ್ಲಿ ಧ್ವನಿಗೆ ಹೊಳಪು ಕೊಡುತ್ತಾರೆ. ಗಂಡು ಧ್ವನಿಗಳಲ್ಲಿ ಇದು ಬಹಳ ಸ್ಪಷ್ಟ. ಮೈಕು ಬರುವ ಮೊದಲು ನಮ್ಮ ನಾಟಕ ಕಂಪನಿಗಳ ನಟರು ಹಿಂದೆ ನೆಲದ ಮೇಲೆ ಕೂತವನಿಗೂ ಕೇಳಿಸುವಂತೆ ಹಾಡುತ್ತಿದ್ದುದು ಕೂಡ ಗಂಟಲಿನ ಬಲದಿಂದಲೇ ಅಲ್ಲವೇ?

ತೊಡಕು ಇರುವುದು ಬಯಲಿನಲ್ಲಿ. ರಂಗಮಂದಿರದ ಗೋಡೆಗಳು ಧ್ವನಿಯನ್ನು ಹಿಂದಿರುಗಿಸುತ್ತವೆ. ಬಯಲಿನಲ್ಲಿ ಅದು ಹೋದದ್ದು ಹೋಗಿಯೇಬಿಡುತ್ತದೆ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1913ರಿಂದ ಬಯಲಿನಲ್ಲೇ ಒಪೆರಾ ನಡೆಸುತ್ತಿರುವ ಇಟಲಿಯ ವೆರೋನಾ ನಗರಕ್ಕೆ ರೋಮನ್ನರು ಕಟ್ಟಿದ ಕಲ್ಲಿನ ಬಟ್ಟಲಿದೆ. ನಮ್ಮ ಉದ್ಯಾನಗಳಲ್ಲಿ ಇರುವುದು ಹುಲ್ಲು, ಮಳೆಮರ ಮತ್ತು ಆಚೆಗೆ ಆಟೋಗಳ ಹಾರ್ನು. ಆದ್ದರಿಂದ ಮೈಕು ಅನಿವಾರ್ಯ, ಮತ್ತು ಮೈಕಿನಲ್ಲಿ ಹಾದುಬಂದ ಒಪೆರಾ ತನ್ನ ಅರ್ಧ ಜೀವವನ್ನು ಕಳೆದುಕೊಂಡಿರುತ್ತದೆ.

ಕಳೆದ ಫೆಬ್ರವರಿಯಲ್ಲಿ ಇದನ್ನು ಒಂದೇ ದಿನ ಎರಡು ಬಾರಿ ಕೇಳಿದೆ. ಮಧ್ಯಾಹ್ನ ನಾಲ್ಕು ಗಂಟೆ; ಧ್ವನಿವರ್ಧಕದವರ ಟೆಂಪೊ ಇನ್ನೂ ಬಂದಿರಲಿಲ್ಲ. ಶಾಲೆಯೊಂದರಲ್ಲಿ ಗಣಿತ ಕಲಿಸುವ ನಮ್ಮ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ಸ್ವರದ, ಗಾಯಕಿ, ಕೀಬೋರ್ಡಿನ ಶ್ರುತಿ ನೋಡಲೆಂದು ಮರದಡಿಯಲ್ಲಿ ನಿಂತು ನಾಲ್ಕು ಸಾಲು ಹಾಡಿದರು. ಕಾಂಪೌಂಡಿನ ಆಚೆ ಮೊದಲ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಗಸೊಬ್ಬರು, ಒಂದು ಕೈಯಲ್ಲಿ ಲಂಗ, ಬಾಯಲ್ಲಿ ಎರಡು ಕ್ಲಿಪ್ಪು, ಹಾಗೇ ನಿಂತುಬಿಟ್ಟರು. ವಾಕಿಂಗಿನ ಹಿರಿಯರಿಬ್ಬರು ತಿರುಗಿ ಬಂದರು. ಸಂಜೆ ಆರಕ್ಕೆ ಅದೇ ಹಾಡು ಸ್ಪೀಕರಿನಿಂದ ಹೊರಟಾಗ ಪಕ್ಕದ ಮನೆಯ ರೇಡಿಯೋದಂತಿತ್ತು. ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೆ ಪಳಗಿದ ಸೌಂಡಿನ ಹುಡುಗ ಧಾರಾಳವಾಗಿ ಎಕೋ ಸೇರಿಸಿದ್ದ. ಮೇಲಿನ ಸ್ವರಗಳಿಗೆ ಅವನ ಯಂತ್ರದಲ್ಲಿ ಕೆಂಪು ದೀಪ ಉರಿಯುತ್ತಿತ್ತು. 'ಮೇಡಂ, ಸ್ವಲ್ಪ ಮೆಲ್ಲಗೆ ಹಾಡ್ತೀರಾ?' ಎಂದು ಅವನು ಕೇಳಿದ್ದು ತಪ್ಪಲ್ಲ. ಆದರೆ ಗಟ್ಟಿಯಾಗಿ ಹಾಡುವುದನ್ನು ಕಲಿಯಲೆಂದೇ ವರ್ಷಗಟ್ಟಲೆ ದುಡಿದವರ ಮುಖವನ್ನು ನೀವು ಆಗ ನೋಡಬೇಕಿತ್ತು. (ಆ ಹೆಂಗಸಿನ ಕ್ಲಿಪ್ಪುಗಳು ಸಂಜೆ ನಮ್ಮ ಉಪಯೋಗಕ್ಕೇ ಬಂದವು, ಗಾಳಿಗೆ ಸ್ವರಲಿಪಿಯ ಹಾಳೆಗಳು ಹಾರತೊಡಗಿದಾಗ ಅವರೇ ಒಂದು ಹಿಡಿ ಕಳಿಸಿಕೊಟ್ಟರು.)

ಆದ್ದರಿಂದ ನನ್ನ ಸಲಹೆ ಇದು. ಕಾರ್ಯಕ್ರಮ ಐದೂವರೆಗೆ ಎಂದಿದ್ದರೆ ನಾಲ್ಕಕ್ಕೇ ಹೋಗಿ, ಶ್ರುತಿ ನೋಡಿಕೊಳ್ಳುವ ಆ ಅರ್ಧ ಗಂಟೆಯನ್ನು ಕೇಳಿ. ಆಮೇಲೆ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ, ಸ್ಪೀಕರುಗಳಿಗೆ ಎದುರಾಗಿರದ ನಡುವಿನ ಜಾಗವನ್ನು ಹಿಡಿಯಿರಿ. ಅಲ್ಲಿಗೆ ಗಾಯಕರ ಗಂಟಲಿನ ಧ್ವನಿ ನೇರವಾಗಿ ಬರುತ್ತದೆ, ಯಂತ್ರದ್ದು ಬದಿಗೆ ಸರಿಯುತ್ತದೆ. ಹಿಂದೆ ಬೆಂಚಿನ ಮೇಲೆ ಆರಾಮವಾಗಿ ಕೂತು ಕೇಳಿ 'ಒಪೆರಾ ನನಗೆ ಹಿಡಿಸಲಿಲ್ಲ' ಎಂದು ತೀರ್ಮಾನಿಸಿದವರು ಅನೇಕರಿದ್ದಾರೆ; ಅವರು ಕೇಳಿದ್ದು ಒಪೆರಾವನ್ನಲ್ಲ.

ತಾಯಿಯವರಿಗೆ ಒಂದು ಮಾತು ಮೊದಲೇ ಹೇಳಿಡಿ: ತೊಡೆಯ ಮೇಲೆ ತಾಳ ಹಾಕುವುದು ಇಲ್ಲಿ ನಡೆಯುವುದಿಲ್ಲ. ನನ್ನ ಸೋದರತ್ತೆ ಆದಿತಾಳ ಹಿಡಿದು ಕೂತು, ಪುಚ್ಚೀನಿಯ ಹಾಡಿನಲ್ಲಿ ಗಾಯಕಿ ಮೇಲಿನ ಸ್ವರವೊಂದನ್ನು ಮನಸ್ಸು ಬಂದಷ್ಟು ಹೊತ್ತು ನಿಲ್ಲಿಸಿದಾಗ, 'ಪಕ್ಕವಾದ್ಯದವನು ಪಾಪ ಕಾಯ್ತಾ ಇದ್ದಾನೆ, ಇವಳಿಗೆ ಸಾಹಿತ್ಯ ಮರೆತುಹೋಯಿತೇನೋ' ಎಂದು ಮರುಗಿದ್ದರು. ಎಲ್ಲವೂ ಬರೆದಿಟ್ಟ ಸಂಗೀತವೇ, ಮನೋಧರ್ಮದ ವಿಸ್ತಾರ ಇಲ್ಲ. ಆದರೆ ಕಾಲವನ್ನು ಎಳೆಯುವ, ಸಡಿಲಿಸುವ ಸ್ವಾತಂತ್ರ್ಯ ಗಾಯಕರದು. ಹಾಡಿನ ನಡುವೆ 'ಭಲೇ' ಎನ್ನುವ ರೂಢಿ ಇಲ್ಲ, ಮುಗಿದ ಕೂಡಲೇ ಎಷ್ಟು ಜೋರಾಗಿ ತಟ್ಟಿದರೂ ಸರಿ. ಒನ್ಸ್ ಮೋರ್ ಕೇಳಿದರೂ ಯಾರೂ ಬೇಸರಪಡುವುದಿಲ್ಲ.

ಇದೆಲ್ಲ ಇಂಗ್ಲಿಷಿನವರ ಗೀಳು, ನಮಗೇಕೆ ಎಂದು ಮನೆಯಲ್ಲಿ ಯಾರಾದರೂ ಅಂದರೆ ಮೈಸೂರಿನ ಕಡೆ ಕೈ ತೋರಿಸಿ. ಹೆಸರಾಂತ ಒಪೆರಾಗಳನ್ನು ರಚಿಸಿದ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕೊನೆಯ ನಾಲ್ಕು ಗೀತೆಗಳನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಯ ಹಣದ ಹೊಣೆ ಹೊತ್ತವರು ಜಯಚಾಮರಾಜ ಒಡೆಯರು. 'ಶ್ರೀವಿದ್ಯಾ' ಅಂಕಿತದ ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ಕೈಯೇ ಅದು.

ಮಗನ ಬಗ್ಗೆ ಚಿಂತೆ ಬೇಡ. ಒಂದೊಂದು ಹಾಡೂ ಮೂರರಿಂದ ಐದು ನಿಮಿಷ, ಬೇಸರವಾದರೆ ಜಾರುಬಂಡೆ ಪಕ್ಕದಲ್ಲೇ ಇರುತ್ತದೆ. ಸೂರ್ಯ ಮುಳುಗಿದ ಮೇಲೆ ದೀಪದ ಹುಳಗಳೂ ಸೊಳ್ಳೆಗಳೂ ಬರುತ್ತವೆ. ತಾಯಿಯವರಿಗೆ ಕಾಲು ಮುಚ್ಚುವ ಶಾಲು, ಬೆನ್ನಿಗೊಂದು ದಿಂಬು ತನ್ನಿ. ಮಂಡಿನೋವಿದ್ದರೆ ಅದೇ ಮೂರನೆಯ ಸಾಲಿನಲ್ಲಿ ನಡುಹಾದಿಗೆ ಅಂಟಿದ ಕುರ್ಚಿಯನ್ನು ಅವರಿಗೆ ಬಿಡಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿಷೇಧವಿದೆ, ಆದರೆ ಬಡಾವಣೆಯ ಕಛೇರಿಗಳು ಎಂಟರೊಳಗೆ ಮುಗಿಯುವುದೇ ಹೆಚ್ಚು.

ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ನಾವು ಹಾಡುವವರು ಹಣ ತೆಗೆದುಕೊಳ್ಳುವುದಿಲ್ಲವಾದರೂ ಸೌಂಡು, ಕುರ್ಚಿ, ದೀಪ ಎಲ್ಲವೂ ಬಾಡಿಗೆಯವು. ಹೊರಬರುವ ದಾರಿಯಲ್ಲಿ ಡಬ್ಬಿ ಇಟ್ಟಿದ್ದರೆ ತೋಚಿದಷ್ಟು ಹಾಕಿ. ಅದಕ್ಕಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ಬೇಕಾಗುವುದು ಕೈಗಳು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಗೇಟಿನ ಬಳಿ ಇಡಲು ಜನ ಸಾಲುವುದಿಲ್ಲ. ಗಾಯಕರನ್ನು ಮಾತಾಡಿಸಬೇಕೆಂದಿದ್ದರೆ ನೀವು ಮತ್ತು ಮಗ ಅಲ್ಲಿಗೇ ಹೋಗಿ, ಆಗ ಅವರೂ ಅಲ್ಲೇ ಕುರ್ಚಿ ಹೊರುತ್ತಿರುತ್ತಾರೆ.