ಮೂರನೇ ಹತ್ತು ಎರಡಾಗಿದ್ದು ಹೇಗೆ?

ಪ್ರಶ್ನೆ: ಸರ್, ಜಾವಾಸ್ಕ್ರಿಪ್ಟ್‌ನಲ್ಲಿ '10', '10', '10' ಎಂಬ ಮೂರು ಸ್ಟ್ರಿಂಗ್‌ಗಳ (ಅಕ್ಷರ ರೂಪದ ಪಠ್ಯಗಳ) ಅರೇ, ಅಂದರೆ ಪಟ್ಟಿ, ಮಾಡಿದೆ. ಪಟ್ಟಿಯ ಪ್ರತಿ ಅಂಶದ ಮೇಲೂ ಫಂಕ್ಷನ್ ನಡೆಸುವ ಅದರ ಮ್ಯಾಪ್‌ಗೆ (map), ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಪಾರ್ಸ್‌ಇಂಟ್ (parseInt) ಫಂಕ್ಷನ್ ಕೊಟ್ಟೆ. 10, ನ್ಯಾನ್ (NaN, ಅಂದರೆ 'ಸಂಖ್ಯೆಯಲ್ಲ'), 2 ಅಂತ ಬಂತು. ಬ್ರೌಸರ್ ಕೆಟ್ಟಿದೆಯಾ?
– ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬ್ರೌಸರ್ ಸರಿಯಾಗಿಯೇ ಇದೆಯಮ್ಮ. ತುಂಬಾ ಒಳ್ಳೆಯ ಪ್ರಶ್ನೆ. ನನ್ನ ಕ್ಲಾಸಿನಲ್ಲಿ ಕಾಲ್‌ಬ್ಯಾಕ್ (ಇನ್ನೊಂದು ಫಂಕ್ಷನ್ ಕರೆಯಲೆಂದು ನಾವು ಕೊಡುವ ಫಂಕ್ಷನ್) ಪಾಠವನ್ನು ನಾನು ಇದರಿಂದಲೇ ಶುರು ಮಾಡುತ್ತೇನೆ.

ಫಂಕ್ಷನ್ ಕೊಟ್ಟವರು ನೀವು, ಆದರೆ ಅದನ್ನು ಕರೆಯುವುದು ಮ್ಯಾಪ್. ಅದು ಪ್ರತಿ ಸಲ ಮೂರು ಆರ್ಗ್ಯುಮೆಂಟ್ ಕೊಡುತ್ತದೆ: ಆ ಸ್ಟ್ರಿಂಗ್, ಅದರ ಇಂಡೆಕ್ಸ್ (0ಯಿಂದ ಶುರುವಾಗುವ ಸ್ಥಾನಸಂಖ್ಯೆ), ಇಡೀ ಅರೇ. ಪಾರ್ಸ್‌ಇಂಟ್ ಎರಡನೆಯದನ್ನು ಸಂಖ್ಯೆಯ ಬೇಸ್ ಎಂದುಕೊಳ್ಳುತ್ತದೆ. ಇಂಡೆಕ್ಸ್ 0 ಬಂದರೆ ಬೇಸ್ ಹೇಳಿಲ್ಲವೆಂದು ಮಾಮೂಲಿ ಹತ್ತರ ಲೆಕ್ಕದಲ್ಲೇ ಓದುತ್ತದೆ. ಬೇಸ್ 1 ಅದಕ್ಕೆ ಒಪ್ಪಿಗೆಯಿಲ್ಲ, ಹಾಗಾಗಿ ನ್ಯಾನ್. ಬೇಸ್ 2 ಅಂದರೆ ಬೈನರಿ. ಅಲ್ಲಿ '10' ಎಂದರೆ 2, ಅಲ್ವಾ? ನಾಲ್ಕನೇ '10' ಸೇರಿಸಿ ನೋಡಿ, ಅದರ ಬೇಸ್ 3 ಆಗುವುದರಿಂದ 3 ಬರುತ್ತದೆ.

ಇದನ್ನು ಸರಿಪಡಿಸಲು ನಡುವೆ ಒಂದು ಸಣ್ಣ ಆ್ಯರೋ ಫಂಕ್ಷನ್ (=> ಚಿಹ್ನೆ ಬಳಸಿ ಚಿಕ್ಕದಾಗಿ ಬರೆಯುವ ಫಂಕ್ಷನ್) ಬರೆಯಿರಿ. ಅದು ಸ್ಟ್ರಿಂಗ್ ಮಾತ್ರ ತೆಗೆದುಕೊಂಡು, ಅದರ ಜೊತೆ ಬೇಸ್ 10 ಸೇರಿಸಿ ಪಾರ್ಸ್‌ಇಂಟ್‌ಗೆ ಕೊಡಲಿ. ಸುಮ್ನೆ ಜಾವಾಸ್ಕ್ರಿಪ್ಟ್‌ನ ನಂಬರ್ (Number) ಫಂಕ್ಷನ್ ಕೊಟ್ಟರೂ ನಡೆಯುತ್ತದೆ. ಆದರೆ '10ಕೆಜಿ' ಎಂದಿದ್ದರೆ ನಂಬರ್ ನ್ಯಾನ್ ಕೊಡುತ್ತದೆ, ಪಾರ್ಸ್‌ಇಂಟ್ 10 ಕೊಡುತ್ತದೆ.