ಕಾರು ಹೆಚ್ಚು ಓಡಿಸದಿದ್ದರೂ ಎಂಜಿನ್ ಆಯಿಲ್ ಬದಲಿಸಬೇಕೇ?

ಬದಲಿಸಲೇಬೇಕು. ನಿಂತ ಕಾರಿನಲ್ಲೂ ಆಯಿಲ್‌ಗೆ ವಯಸ್ಸಾಗುತ್ತದೆ. ನಿಜ ಹೇಳಬೇಕೆಂದರೆ, ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಅದು ಇನ್ನೂ ಬೇಗ ಕೆಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗಿನ ತೇವಾಂಶ, ಉರಿಯದೆ ಉಳಿದ ಇಂಧನ ಎರಡೂ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಸೇರಿಕೊಳ್ಳುತ್ತವೆ. ಕ್ರಮೇಣ ಅದು ಕೆಸರಿನಂತಾಗಿ ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಬೇರಿಂಗ್‌ಗಳಿಗೆ ಆಯಿಲ್ ತಲುಪದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಆಮೇಲೆ ಬರುವ ಬಿಲ್ಲಿನ ಮುಂದೆ ಆಯಿಲ್‌ನ ಬೆಲೆ ಏನೇನೂ ಅಲ್ಲ.

ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಕಪ್ಪಾಗಿ ಕಂಡರೆ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಂತೂ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಹಾಲು ಬೆರೆತಂತೆ ಕಂಡರೆ ಮಾತ್ರ ನೀರು ಸೇರಿರುವ ಸೂಚನೆ, ಕೂಡಲೇ ತೋರಿಸಿ. ಕಾರಿನ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ 12 ತಿಂಗಳು ಎಂದಿದ್ದರೆ, ಯಾವುದು ಮೊದಲು ಬರುತ್ತದೋ ಅದೇ ಗಡುವು. ಜೊತೆಗೇ ಆಯಿಲ್ ಫಿಲ್ಟರನ್ನೂ ಬದಲಿಸಿ.